ತೊನ್ನು ನಮ್ಮ ಊರಲ್ಲಿ ಜಾಸ್ತಿ ಆಗಿದೆಯಾ, ಡಾಕ್ಟ್ರೇ?

ಪ್ರಶ್ನೆ: ನಾನು ಬದಿಯಡ್ಕದ ಕಡೆಯವನು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ಹದಿಮೂರು ವರ್ಷದ ಮೊಮ್ಮಗಳಿಗೆ ಕಣ್ಣಿನ ಪಕ್ಕ ಬಿಳಿ ಕಲೆ ಎದ್ದಿದೆ. ಡಾಕ್ಟರು ನೋಡಿ ತೊನ್ನು ಅಂದರು. ಅಲ್ಲಿಂದೀಚೆಗೆ ಎಲ್ಲಿ ನೋಡಿದರೂ ಇಂಥವರೇ ಕಾಣುತ್ತಾರೆ. ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಬೆಳಿಗ್ಗೆ ಮೂವರನ್ನು ಕಂಡೆ. ಈ ಕಾಯಿಲೆ ನಮ್ಮ ಊರಲ್ಲಿ ಹೆಚ್ಚುತ್ತಿದೆಯೇ? ನೂರಕ್ಕೆ ಎಷ್ಟು ಮಂದಿಗೆ ಇರಬಹುದು? ಮೀನು ತಿಂದು ಹಾಲು ಕುಡಿದದ್ದು ಎಂದು ಒಬ್ಬರು, ಎಂಡೋಸಲ್ಫಾನ್ ಎಂದು ಇನ್ನೊಬ್ಬರು, ನಾಗದೋಷ ಎಂದು ಮತ್ತೊಬ್ಬರು ಹೇಳುತ್ತಾರೆ. ಮನೆಯ ಉಳಿದ ಮಕ್ಕಳಿಗೂ ಬರುತ್ತದಾ?

ಉತ್ತರ: ಮಾಷ್ಟ್ರೇ, ನಮಸ್ಕಾರ. ಮೊದಲು ನೀವು ಕೇಳಿದ ಸಂಖ್ಯೆಯನ್ನೇ ಕೊಡುತ್ತೇನೆ. ತೊನ್ನು ನೂರರಲ್ಲಿ ಒಬ್ಬರಿಗೂ ಇಲ್ಲ. ಸಾವಿರಕ್ಕೆ ನಾಲ್ಕೈದು ಮಂದಿಗೆ ಇರುತ್ತದೆ.

ಈ ಸಂಖ್ಯೆ ಎಲ್ಲಿಂದ ಬಂತು ಎಂದು ನೀವು ಕೇಳಿಯೇ ಕೇಳುತ್ತೀರಿ. ಕೇಳಬೇಕು ಕೂಡ. ಕಲ್ಕತ್ತಾ ನಗರದಲ್ಲಿ 15,685 ಮಂದಿಯನ್ನು ಪರೀಕ್ಷಿಸಿದ ಒಂದು ಸಮೀಕ್ಷೆ 1985ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಿಕ್ಕಿದ್ದು ನೂರಕ್ಕೆ 0.46, ಅಂದರೆ ಸಾವಿರಕ್ಕೆ ಸುಮಾರು ಐದು. ಗಂಡಸರು ಹೆಂಗಸರು ಎಂಬ ವ್ಯತ್ಯಾಸವೂ ಕಾಣಲಿಲ್ಲ. ಅದಕ್ಕೂ ಮುಂಚೆ, 1977ರಲ್ಲಿ, ಡೆನ್ಮಾರ್ಕಿನ ಬೋರ್ನ್‌ಹೋಮ್ ಎಂಬ ದ್ವೀಪದ ಲೆಕ್ಕ ಬಂದಿತ್ತು. ಅಲ್ಲಿ 47,033 ಜನ. ಬಿಳಿ ಕಲೆ ಇದ್ದವರು 179. ಭಾಗಿಸಿ ನೋಡಿ, ನೂರಕ್ಕೆ 0.38 ಬರುತ್ತದೆ.

ಒಂದು ಕಡೆ ಬಂಗಾಳದ ಬಿಸಿಲು, ಇನ್ನೊಂದು ಕಡೆ ಬಾಲ್ಟಿಕ್ ಸಮುದ್ರದ ಚಳಿ. ಒಂದು ಕಡೆ ಕಂದು ಚರ್ಮ, ಇನ್ನೊಂದು ಕಡೆ ಬಿಳಿ ಚರ್ಮ. ಊಟ ಬೇರೆ, ನೀರು ಬೇರೆ, ದೇವರು ಬೇರೆ. ಆದರೂ ಎರಡು ಲೆಕ್ಕಗಳು ಇಷ್ಟು ಹತ್ತಿರ ಬಂದವು. ನನ್ನ ಮಟ್ಟಿಗೆ ಈ ಕಾಯಿಲೆಯ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದೇ. ಇದು ಯಾವುದೋ ಒಂದು ಊರಿನ ಕಾಯಿಲೆ ಅಲ್ಲ.

ಇನ್ನು ನಮ್ಮ ಊರಿಗೆ ಬರೋಣ. 2011ರ ಜನಗಣತಿಯ ಪ್ರಕಾರ ಕಾಸರಗೋಡು ನಗರಸಭೆ ವ್ಯಾಪ್ತಿಯಲ್ಲಿ ಸುಮಾರು 54 ಸಾವಿರ ಜನ. ಬೋರ್ನ್‌ಹೋಮ್ ದ್ವೀಪಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೇಲಿನ ಎರಡು ದರಗಳನ್ನು ಹಾಕಿದರೆ ಪೇಟೆಯಲ್ಲಿ ಸುಮಾರು 205ರಿಂದ 250 ಮಂದಿ ಆಗುತ್ತಾರೆ. ಇಡೀ ಜಿಲ್ಲೆಯ 13 ಲಕ್ಷ ಜನಕ್ಕೆ ಲೆಕ್ಕ ಹಾಕಿದರೆ ಐದಾರು ಸಾವಿರ. ನಿಮ್ಮ ಮೊಮ್ಮಗಳು ಒಬ್ಬಳೇ ಅಲ್ಲ, ಹಾಗಂತ ಊರಿಗೆ ಊರೇ ಬಿದ್ದೂ ಇಲ್ಲ.

ಹಾಗಾದರೆ ಬಸ್‌ಸ್ಟ್ಯಾಂಡಿನಲ್ಲಿ ಮೂವರು ಹೇಗೆ ಕಂಡರು? ನೀವು ಅಂಶವನ್ನು ಎಣಿಸಿದಿರಿ, ಛೇದವನ್ನು ಎಣಿಸಲಿಲ್ಲ. ಹೊಸ ಬಸ್‌ಸ್ಟ್ಯಾಂಡಿನಲ್ಲಿ ಶಾಲೆ, ಆಫೀಸಿನ ಹೊತ್ತಿಗೆ ನಿಂತರೆ ಸಾವಿರ ಮುಖ ನಿಮ್ಮ ಕಣ್ಣ ಮುಂದೆ ಹಾದು ಹೋಗುತ್ತವೆ. ಸಾವಿರದಲ್ಲಿ ನಾಲ್ಕೈದು ಮಂದಿಗೆ ಇರುವುದು ಸಹಜ. ಒಬ್ಬಿಬ್ಬರ ಕಲೆ ಬಟ್ಟೆಯೊಳಗೆ ಅಡಗಿರುತ್ತದೆ. ಉಳಿದ ಮೂವರು ನಿಮಗೆ ಕಂಡರು. ಬಸ್ಸಿನ ಲೆಕ್ಕವನ್ನೂ ಹೇಳುತ್ತೇನೆ. ಐವತ್ತು ಜನರಿರುವ ಬಸ್ಸುಗಳನ್ನು ತೆಗೆದುಕೊಂಡರೆ, ಸರಾಸರಿ ಐದರಲ್ಲಿ ಒಂದು ಬಸ್ಸಿನಲ್ಲಿ ತೊನ್ನು ಇರುವವರು ಒಬ್ಬರಾದರೂ ಸಿಗುತ್ತಾರೆ. ದಿನಾ ಪೇಟೆಗೆ ಹೋಗಿ ಬರುವವರಿಗೆ ವಾರದಲ್ಲಿ ಎರಡು ಮೂರು ಸಲ ಕಾಣುವುದರಲ್ಲಿ ಏನೂ ವಿಶೇಷ ಇಲ್ಲ. ಮೊದಲೂ ಅವರು ಅಲ್ಲೇ ಇದ್ದರು. ಮೊಮ್ಮಗಳ ಕಲೆ ಕಂಡ ಮೇಲೆ ನಿಮ್ಮ ಕಣ್ಣು ಅವರನ್ನು ಹುಡುಕಲು ಶುರು ಮಾಡಿತು.

ಇನ್ನೊಂದು ಕಾರಣವೂ ಉಂಟು. ನಮ್ಮ ಕಂದು ಚರ್ಮದ ಮೇಲೆ ಸುಣ್ಣ ಬಳಿದ ಹಾಗೆ ಎದ್ದು ಕಾಣುವ ಕಲೆ ಇದು. ಮುಖ, ಕೈ, ಬಾಯಿಯ ಸುತ್ತ, ಮೊಣಕಾಲು, ಪಾದ, ಹೀಗೆ ಎದುರಿಗೆ ಕಾಣುವ ಜಾಗಗಳಲ್ಲೇ ಜಾಸ್ತಿ. ಸಕ್ಕರೆ ಕಾಯಿಲೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮಂದಿಗೆ ಇದೆ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಯಾರೂ ಎಣಿಸುವುದಿಲ್ಲ, ಅಲ್ವಾ?

ನೂರಕ್ಕೆ ಎಂಟು, ಒಂಬತ್ತು ಎಂಬ ದೊಡ್ಡ ಸಂಖ್ಯೆಯೂ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಗುಜರಾತ್, ರಾಜಸ್ಥಾನದ ಹೆಸರಿನಲ್ಲಿ 8.8 ಎಂಬ ಅಂಕಿ ಬಹಳ ಕಾಲದಿಂದ ಓಡಾಡುತ್ತಿದೆ. ಅದನ್ನು ಇಡೀ ದೇಶಕ್ಕೆ ಅಂಟಿಸಬಾರದು. ಆಸ್ಪತ್ರೆಯ ಲೆಕ್ಕಗಳ ಬಗ್ಗೆ ಇನ್ನೂ ಎಚ್ಚರ ಬೇಕು. ನಮ್ಮ ದೇಶದ ಚರ್ಮರೋಗ ವಿಭಾಗಗಳಿಗೆ ಬರುವವರಲ್ಲಿ ತೊನ್ನಿನವರು ನೂರಕ್ಕೆ 0.25ರಿಂದ ನಾಲ್ಕರವರೆಗೂ ಇದ್ದಾರೆ ಎಂದು ಬೇರೆ ಬೇರೆ ವರದಿಗಳು ಹೇಳುತ್ತವೆ. ಆದರೆ ಅಲ್ಲಿ ಛೇದ ಯಾವುದು? ಊರಿನ ಜನ ಅಲ್ಲ, ಚರ್ಮದ ತೊಂದರೆ ಅಂತ ಚೀಟಿ ಮಾಡಿಸಿದವರು. ಮೀನು ಮಾರ್ಕೆಟ್ಟಿನಲ್ಲಿ ನಿಂತು ಊರಲ್ಲಿ ಎಷ್ಟು ಮಂದಿ ಮೀನು ತಿನ್ನುತ್ತಾರೆ ಎಂದು ಎಣಿಸಿದ ಹಾಗೆ ಅದು.

ನಮ್ಮ ಗಡಿ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ತೊಡಕು ಇದೆ. ಉಪ್ಪಳ, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದವರು ಚರ್ಮದ ಡಾಕ್ಟರಿಗೆ ತೋರಿಸಲು ಹೆಚ್ಚಾಗಿ ಹೋಗುವುದು ಮಂಗಳೂರಿಗೆ. ಮನೆ ಕೇರಳದಲ್ಲಿ, ಹೆಸರು ಕರ್ನಾಟಕದ ಆಸ್ಪತ್ರೆಯ ಪುಸ್ತಕದಲ್ಲಿ. ಹಾಗಾಗಿ ಆಸ್ಪತ್ರೆಯ ಪುಸ್ತಕ ನೋಡಿ ಲೆಕ್ಕ ಹಾಕಿದರೆ ಕಾಸರಗೋಡಿನಲ್ಲಿ ಕಡಿಮೆ, ಮಂಗಳೂರಿನಲ್ಲಿ ಜಾಸ್ತಿ ಎಂದೇ ಉತ್ತರ ಬರುತ್ತದೆ. ಎರಡೂ ತಪ್ಪು.

ಊರಿನ ನಿಜವಾದ ಲೆಕ್ಕ ಬೇಕಾದರೆ ಮನೆಮನೆಗೆ ಹೋಗಬೇಕು. ಹೋಗುವುದು ಸುಲಭ, ಕೇಳುವುದು ಕಷ್ಟ. ನಾನು ಈ ಜಿಲ್ಲೆಯ ಹಳ್ಳಿಗಳಲ್ಲಿ ಚರ್ಮದ ಶಿಬಿರ ಮಾಡುತ್ತಿದ್ದ ಕಾಲದಲ್ಲಿ ಇದನ್ನು ಚೆನ್ನಾಗಿ ಕಲಿತೆ. ‘ಮನೆಯಲ್ಲಿ ಯಾರಿಗಾದರೂ ಬಿಳಿ ಕಲೆ ಇದೆಯಾ?’ ಎಂದು ಕೇಳಿದರೆ ಅರ್ಧ ಊರೇ ಬಂದು ನಿಲ್ಲುತ್ತದೆ. ನಮ್ಮ ಕರಾವಳಿಯ ಸೆಕೆ, ಬೆವರು, ಮಳೆಗೆ ಚಿಬ್ಬು ಯಾರಿಗಿಲ್ಲ? ಅದು ಶಿಲೀಂಧ್ರದಿಂದ ಬರುವುದು. ಉಗುರಿನಿಂದ ಮೆಲ್ಲಗೆ ಕೆರೆದರೆ ಹಿಟ್ಟಿನ ಹಾಗೆ ಉದುರುತ್ತದೆ. ಮಕ್ಕಳ ಕೆನ್ನೆಯ ಮಾಸಲು ಕಲೆಗಳೂ ಬರುತ್ತವೆ, ಸುಟ್ಟ ಗಾಯದ ಗುರುತುಗಳೂ ಬರುತ್ತವೆ. ಅದೇ ‘ತೊನ್ನು ಇದೆಯಾ?’ ಎಂದು ಕೇಳಿ ನೋಡಿ. ಬಾಗಿಲು ಮುಚ್ಚುತ್ತದೆ. ಮಗಳಿಗೆ ಸಂಬಂಧ ನೋಡುತ್ತಿರುವ ಮನೆಯಾದರೆ ಅಂಗಳಕ್ಕೂ ಕರೆಯುವುದಿಲ್ಲ. ಒಮ್ಮೆ ಒಂದು ಮನೆಯಲ್ಲಿ ‘ಯಾರಿಗೂ ಇಲ್ಲ’ ಅಂದರು. ನಾವು ತಿರುಗಿ ಹೊರಟಾಗ ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಒಬ್ಬಳು ಹುಡುಗಿ ಓಡಿ ಬಂದು ಮೊಣಕೈ ತೋರಿಸಿದಳು. ಆ ಹುಡುಗಿ ಬರದೇ ಹೋಗಿದ್ದರೆ ಆ ಮನೆ ನಮ್ಮ ಪಟ್ಟಿಯಲ್ಲಿ ಸೊನ್ನೆ.

ಕಾಸರಗೋಡಿನಲ್ಲಿ ಭಾಷೆಯೂ ಒಂದಲ್ಲ. ಸಪ್ತಭಾಷೆಗಳ ನಾಡು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಕನ್ನಡದವರಿಗೆ ತೊನ್ನು, ಮಲಯಾಳದವರಿಗೆ ವೆಳ್ಳಪ್ಪಾಂಡು. ಹಳೆಯ ಕಾಲದ ಹಿರಿಯರು ಬಿಳಿ ಕುಷ್ಠ ಅನ್ನುತ್ತಾರೆ. ಆ ಕೊನೆಯ ಹೆಸರು ಮಾಡಿದಷ್ಟು ಹಾನಿಯನ್ನು ಈ ಕಾಯಿಲೆಯೂ ಮಾಡಿಲ್ಲ. ಕುಷ್ಠಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಕುಷ್ಠ ರೋಗಾಣುವಿನಿಂದ ಬರುತ್ತದೆ. ಅದರ ಕಲೆ ಹಾಲಿನಷ್ಟು ಬಿಳಿ ಇರುವುದಿಲ್ಲ, ಮತ್ತು ಸಾಮಾನ್ಯವಾಗಿ ಅಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ. ಹತ್ತಿಯ ಎಳೆಯಿಂದ ಮುಟ್ಟಿದರೆ ತೊನ್ನಿನ ಕಲೆಗೆ ಗೊತ್ತಾಗುತ್ತದೆ, ಕುಷ್ಠದ ಕಲೆಗೆ ಹೆಚ್ಚಾಗಿ ಗೊತ್ತಾಗುವುದಿಲ್ಲ. ಸಂಖ್ಯೆಯಲ್ಲೂ ನೋಡಿ. ಕುಷ್ಠ ದೇಶದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗೆ ಇಳಿಯಿತು ಎಂದು 2005ರ ಕೊನೆಯಲ್ಲಿ ಘೋಷಿಸಲಾಯಿತು. ತೊನ್ನು ಹತ್ತು ಸಾವಿರಕ್ಕೆ ನಲವತ್ತರಷ್ಟು. ಸ್ಪರ್ಶವಿಲ್ಲದ ಕಲೆ ಯಾರಿಗಾದರೂ ಇದ್ದರೆ ಮಾತ್ರ ತಡಮಾಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಉಚಿತ ಮದ್ದು ಉಂಟು, ಪೂರ್ತಿ ಗುಣವಾಗುತ್ತದೆ.

ಸಮೀಕ್ಷೆಯ ಮಾತು ಇನ್ನೂ ಮುಗಿದಿಲ್ಲ. ನಮ್ಮ ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿದ್ದಾರೆ. ಹಗಲು ಹೋದರೆ ಸಿಗುವುದು ಹೆಂಗಸರು, ಮಕ್ಕಳು, ವಯಸ್ಸಾದವರು. ಹಾಗೆ ಎಣಿಸಿದ ಲೆಕ್ಕ ಊರಿನ ಲೆಕ್ಕ ಆಗುವುದಿಲ್ಲ. ಇನ್ನು ಎಷ್ಟು ಜನರನ್ನು ನೋಡಬೇಕು? ಇದು ನಿಮ್ಮ ವಿಷಯ. ಸಾವಿರ ಮಂದಿಯನ್ನು ನೋಡಿದರೆ ನಾಲ್ಕೈದು ಸಿಗಬೇಕು. ಆದರೆ ಬರೀ ಆಕಸ್ಮಿಕದಿಂದ ಅದು ಒಂದೂ ಆಗಬಹುದು, ಒಂಬತ್ತೂ ಆಗಬಹುದು. ಒಂದು ಸಿಕ್ಕಿದ ವಾರ್ಡಿನವರು ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನುತ್ತಾರೆ. ಒಂಬತ್ತು ಸಿಕ್ಕಿದ ವಾರ್ಡಿನವರು ನೀರಿನಲ್ಲಿ ಏನೋ ಉಂಟು ಅನ್ನುತ್ತಾರೆ. ನಿಜದಲ್ಲಿ ಎರಡೂ ಕಡೆ ಇರುವ ಪ್ರಮಾಣ ಒಂದೇ. ಹತ್ತು ಸಾವಿರ ಮಂದಿಯನ್ನು ಹಗಲು ಬೆಳಕಿನಲ್ಲಿ, ಕಲಿತವರು ಕಣ್ಣಾರೆ ನೋಡಿದರೆ ಮಾತ್ರ ಸಂಖ್ಯೆ ಸ್ವಲ್ಪ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಬೀದಿಯಲ್ಲಿ ಜಾಸ್ತಿ, ನಮ್ಮ ಪಂಚಾಯತಿನಲ್ಲಿ ಜಾಸ್ತಿ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಈಗ ಮೀನು ಮತ್ತು ಹಾಲು. ಮೀನೂಟದ ಮೇಲೆ ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಆ ಬೋರ್ನ್‌ಹೋಮ್ ದ್ವೀಪದ ಕಡೆಗೆ ಮತ್ತೊಮ್ಮೆ ನೋಡಿ. ಅಲ್ಲಿಯವರು ಹೊಗೆಯಲ್ಲಿ ಒಣಗಿಸಿದ ಹೆರಿಂಗ್ ಮೀನಿಗೆ ಹೆಸರಾದವರು. ಡೆನ್ಮಾರ್ಕಿನಲ್ಲಿ ಹಾಲು, ಬೆಣ್ಣೆ, ಚೀಸ್‌ಗೆ ಬರವೇ ಇಲ್ಲ. ಮೀನೂ ಹಾಲೂ ಒಟ್ಟಿಗೆ ಹೊಟ್ಟೆಗೆ ಹೋಗುವ ಆ ದ್ವೀಪದಲ್ಲಿ 0.38. ನಮ್ಮ ಕಡೆ ಮೀನನ್ನು ಮುಟ್ಟದ ಮನೆಗಳ ಮಕ್ಕಳಲ್ಲೂ ನಾನು ತೊನ್ನು ನೋಡಿದ್ದೇನೆ. ಹುಳಿ ಬಿಡಬೇಕು, ನಿಂಬೆ ಬಿಡಬೇಕು ಎಂಬುದಕ್ಕೂ ಆಧಾರ ಇಲ್ಲ. ಬೆಳೆಯುವ ಹುಡುಗಿಯ ತಟ್ಟೆಯಿಂದ ದಯವಿಟ್ಟು ಏನನ್ನೂ ತೆಗೆಯಬೇಡಿ.

ಎಂಡೋಸಲ್ಫಾನ್ ವಿಷಯ ಬೇರೆ. ಎಣ್ಮಕಜೆ, ಪಡ್ರೆಯ ಕಡೆ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಆ ವಿಷದ ನೋವನ್ನು ಈ ಜಿಲ್ಲೆಯ ಡಾಕ್ಟರ್ ಯಾರೂ ಹಗುರವಾಗಿ ಮಾತಾಡಲಾರರು. ನಾನೂ ಮಾತಾಡುವುದಿಲ್ಲ. ಆದರೆ ಬಣ್ಣದ ಕಣಗಳನ್ನು ಕೊಲ್ಲುತ್ತವೆ ಎಂದು ಚೆನ್ನಾಗಿ ಗೊತ್ತಿರುವ ರಾಸಾಯನಿಕಗಳು ಫೀನಾಲ್ ಗುಂಪಿನವು. ಎಂಡೋಸಲ್ಫಾನ್ ಆ ಗುಂಪಿನದಲ್ಲ. ಫೀನಾಲ್ ಗುಂಪಿನವು ಇರುವುದು ತೋಟದಲ್ಲಲ್ಲ, ನಮ್ಮ ಮನೆಯೊಳಗೇ. ಕೆಲವು ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿ, ಕೆಲವು ರಬ್ಬರ್ ಚಪ್ಪಲಿಗಳಲ್ಲಿ. ಹಣೆಯಲ್ಲಿ ಬೊಟ್ಟಿಡುವ ಜಾಗದಲ್ಲೇ ದುಂಡಗೆ ಬೆಳ್ಳಗಾದರೆ, ಪಾದದ ಮೇಲೆ ಚಪ್ಪಲಿ ಪಟ್ಟಿಯ ಆಕಾರದಲ್ಲೇ ಬೆಳ್ಳಗಾದರೆ, ಮೊದಲು ಆ ವಸ್ತುವನ್ನು ಬಿಡಬೇಕು. ಕಣ್ಣಿಗೆ ತೊನ್ನಿನ ಹಾಗೆಯೇ ಕಾಣುತ್ತದೆ. ಸಮೀಕ್ಷೆಯಲ್ಲಿ ಇವರನ್ನೂ ಸೇರಿಸಿಬಿಟ್ಟರೆ ಸಂಖ್ಯೆ ಉಬ್ಬುತ್ತದೆ.

ನಾಗದೋಷ ಎಂದು ಮನೆಯ ಹಿರಿಯರು ಹೇಳಿದರೆ ನಾನು ವಾದಕ್ಕೆ ಇಳಿಯುವುದಿಲ್ಲ. ನಾಗನಿಗೆ ತಂಬಿಲದ ಪೂಜೆ ಕೊಡಬೇಕು ಅಂತ ಮನಸ್ಸಿದ್ದರೆ ಕೊಡಿ. ಆದರೆ ‘ಆಶ್ಲೇಷ ಬಲಿ ಆದ ಮೇಲೆ ಡಾಕ್ಟರ್’ ಎಂದು ಆರೇಳು ತಿಂಗಳು ಮುಂದೂಡಬೇಡಿ. ಹೊಸ ಕಲೆಗೆ ಬೇಗ ಬಣ್ಣ ಮರಳುತ್ತದೆ. ಹಳೆಯದಾದಷ್ಟೂ ಹಟ ಜಾಸ್ತಿ.

ಒಳಗೆ ನಡೆಯುವುದು ಇಷ್ಟು. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಜೀವಕೋಶಗಳಿವೆ. ಸೋಂಕಿನ ವಿರುದ್ಧ ಹೋರಾಡಬೇಕಾದ ರಕ್ತದ ಬಿಳಿಕಣಗಳಲ್ಲಿ ಕೆಲವು ಇವನ್ನೇ ಹೊರಗಿನ ಶತ್ರು ಎಂದು ತಿಳಿದು ಕೊಲ್ಲುತ್ತವೆ. ಇದನ್ನೇ ಆಟೋಇಮ್ಯೂನ್ ಕಾಯಿಲೆ ಅನ್ನುವುದು. ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಟವೆಲ್ ಬಳಸಿದರೆ ಹರಡುವುದಿಲ್ಲ. ಇದೇ ಜಾತಿಯ ಥೈರಾಯ್ಡ್ ತೊಂದರೆ ತೊನ್ನಿನವರಲ್ಲಿ ಉಳಿದವರಿಗಿಂತ ಜಾಸ್ತಿ. ಹಾಗಾಗಿ ಮೊಮ್ಮಗಳಿಗೆ ಒಂದು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.

ಮನೆಯ ಉಳಿದ ಮಕ್ಕಳ ಪ್ರಶ್ನೆ. ಬ್ರಿಟನ್ ಮತ್ತು ಉತ್ತರ ಅಮೆರಿಕದ ಕುಟುಂಬಗಳನ್ನು ನೋಡಿದ 2003ರ ಒಂದು ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ತೊನ್ನು ಇದ್ದವರ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ತೊನ್ನು ಇತ್ತು. ಊರಿನ ಸರಾಸರಿಗಿಂತ ಇದು ಹತ್ತು ಹದಿನೈದು ಪಟ್ಟು ಜಾಸ್ತಿ, ನಿಜ. ಆದರೆ ಆ ಮಾತನ್ನು ಇನ್ನೊಂದು ಕಡೆಯಿಂದಲೂ ಓದಿ. 94 ಮಂದಿಗೆ ಬರಲಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಇದ್ದಾಗ ಇನ್ನೊಬ್ಬರಿಗೂ ಇದ್ದದ್ದು ನೂರಕ್ಕೆ 23 ಜೋಡಿಗಳಲ್ಲಿ ಮಾತ್ರ. ವಂಶವಾಹಿ ಅಚ್ಚೊತ್ತಿದ ಹಾಗೆ ಒಂದೇ ಇದ್ದರೂ ಇಷ್ಟೇ. ನಾಳೆ ಸಂಬಂಧದ ಮಾತು ಬಂದಾಗ ‘ವಂಶದಲ್ಲೇ ಉಂಟು’ ಎಂದು ಬಾಯಿ ಬಿಡುವವರ ಎದುರು ಈ 23ನ್ನು ಹೇಳಿ.

ಮೊಮ್ಮಗಳ ವಯಸ್ಸಿನ ಬಗ್ಗೆಯೂ ಒಂದು ಮಾತು. ತೊನ್ನು ಬಂದವರಲ್ಲಿ ಸುಮಾರು ಅರ್ಧ ಮಂದಿಗೆ ಇಪ್ಪತ್ತರ ಒಳಗೇ ಶುರುವಾಗಿರುತ್ತದೆ. ಹದಿಮೂರರಲ್ಲಿ ಕಂಡಿತು ಎಂದು ಹೆದರುವುದು ಬೇಡ. ಇನ್ನು ಜಾಗ. ಮುಖದ ಕಲೆಗಳಿಗೆ ಬಣ್ಣ ಮರಳುವುದು ಎಲ್ಲಕ್ಕಿಂತ ಚೆನ್ನಾಗಿ. ಹೊಸ ಬಣ್ಣದ ಕೋಶಗಳು ಹೆಚ್ಚಾಗಿ ಕೂದಲ ಬುಡದಿಂದ ಬರುತ್ತವೆ. ಮುಖದಲ್ಲಿ ಸಣ್ಣ ಕೂದಲು ತುಂಬ ಇದೆ. ಬೆರಳ ತುದಿಯಲ್ಲಿ ಇಲ್ಲ, ಅದಕ್ಕೇ ಅಲ್ಲಿ ಚಿಕಿತ್ಸೆ ನಿಧಾನ.

ಕಣ್ಣಿನ ಪಕ್ಕಕ್ಕೆ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಬಾರದು. ಟ್ಯಾಕ್ರೊಲಿಮಸ್ ಎಂಬ ಮುಲಾಮು ಅಲ್ಲಿಗೆ ಹೆಚ್ಚು ಸೂಕ್ತ. ನಿಮ್ಮ ಡಾಕ್ಟರನ್ನು ಅದರ ಬಗ್ಗೆ ಕೇಳಿ. ಕಲೆ ಹೆಚ್ಚಿದರೆ ನ್ಯಾರೋಬ್ಯಾಂಡ್ ಎಂಬ ನೇರಳಾತೀತ ಬೆಳಕಿನ ಚಿಕಿತ್ಸೆ ಇದೆ. ವಾರಕ್ಕೆ ಎರಡು ಮೂರು ಸಲ, ಕೆಲವು ತಿಂಗಳು ಬಿಡದೆ ಹೋಗಬೇಕು. ಬದಿಯಡ್ಕದಿಂದ ಮಂಗಳೂರಿಗೆ ಹೋಗಿ ಬರುವುದೆಂದರೆ ಶಾಲೆಯ ಅರ್ಧ ದಿನ ಹೋಗುತ್ತದೆ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಬೆಳಕಿನ ಚಿಕಿತ್ಸೆ ಅರ್ಧಕ್ಕೆ ನಿಂತು, ಮರಳಿದ ಬಣ್ಣ ಮತ್ತೆ ಹೋದವರನ್ನು ನೋಡಿದ್ದೇನೆ. ಆದ್ದರಿಂದ ಶುರು ಮಾಡುವ ಮೊದಲೇ ಶಾಲೆಯ ವೇಳಾಪಟ್ಟಿ ಮುಂದಿಟ್ಟುಕೊಂಡು ಡಾಕ್ಟರ ಹತ್ತಿರ ಮಾತಾಡಿ. ಬೇಗ ಬೇಗ ಹರಡುತ್ತಿದ್ದರೆ ವಾರದಲ್ಲಿ ಎರಡು ದಿನ ಮಾತ್ರ ಕೊಡುವ ಮಾತ್ರೆಗಳಿವೆ. ಅಮೆರಿಕದಲ್ಲಿ 2022ರಲ್ಲಿ ರುಕ್ಸೊಲಿಟಿನಿಬ್ ಎಂಬ ಹೊಸ ಮುಲಾಮಿಗೆ ಒಪ್ಪಿಗೆ ಸಿಕ್ಕಿತು. ನಿಮ್ಮ ಮೊಮ್ಮಗಳ ಒಂದೇ ಕಲೆಗೆ ಈಗಲೇ ಅಷ್ಟು ದೂರ ಹೋಗಬೇಕಾಗಿಲ್ಲ.

ಒಂದನ್ನು ಮಾತ್ರ ಕೈಮುಗಿದು ಕೇಳುತ್ತೇನೆ. ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸಬೇಡಿ. ಬಾವಂಚಿಯಲ್ಲಿ ಸೋರಲೆನ್ ಎಂಬ ಅಂಶ ಇದೆ, ಅದು ಬಿಸಿಲಿಗೆ ಕೆಲಸ ಮಾಡುವುದು ನಿಜ. ನಮ್ಮ ವಿಭಾಗದಲ್ಲೂ ಅದನ್ನು ಅಳತೆ ನೋಡಿ ಬಳಸಿದ್ದೇವೆ. ಅಳತೆ ತಪ್ಪಿದರೆ ಸುಟ್ಟು ಬೊಬ್ಬೆ ಏಳುತ್ತದೆ. ತೊನ್ನು ಹರಡುತ್ತಿರುವಾಗ ಗಾಯವಾದ ಜಾಗದಲ್ಲೇ ಹೊಸ ಕಲೆ ಹುಟ್ಟುತ್ತದೆ. ಕಾಳಿನಷ್ಟಿದ್ದ ಕಲೆ ಹಾಗೆ ರೂಪಾಯಿಯಷ್ಟಾದದ್ದನ್ನು ನಾನು ಹಲವು ಮಕ್ಕಳಲ್ಲಿ ಕಂಡಿದ್ದೇನೆ. ಕಣ್ಣಿನ ಪಕ್ಕವಂತೂ ಬೇಡವೇ ಬೇಡ. ಟವೆಲಿನಿಂದ ಉಜ್ಜಿ ಒರೆಸುವುದೂ ಬೇಡ.

ಇವತ್ತಿನಿಂದಲೇ ಮಾಡಬಹುದಾದ ಒಂದು ಕೆಲಸ ಇದೆ. ಕಲೆಯ ಪಕ್ಕ ನಿಮ್ಮ ಗಣಿತದ ಸ್ಕೇಲ್ ಇಟ್ಟು ಒಂದು ಫೋಟೋ ತೆಗೆಯಿರಿ. ತಿಂಗಳಿಗೊಮ್ಮೆ, ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ದೂರದಿಂದ. ಮೊಮ್ಮಗಳು ಒಪ್ಪಿದರೆ ಮಾತ್ರ. ದಿನಾ ಕನ್ನಡಿ ಹಿಡಿದು ಅಳೆಯುವುದು ಅವಳಿಗೂ ನಿಮಗೂ ಬೇಡ. ಎರಡು ಮೂರು ತಿಂಗಳ ಮೇಲೆ ಬಿಳಿಯ ನಡುವೆ ಸಾಸಿವೆಯಷ್ಟು ಕಂದು ಚುಕ್ಕೆಗಳು ಕಾಣಬಹುದು. ಅದನ್ನು ಹೊಸ ತೊಂದರೆ ಎಂದು ತಿಳಿದು ಮುಲಾಮು ನಿಲ್ಲಿಸಿದವರಿದ್ದಾರೆ. ನಿಲ್ಲಿಸಬೇಡಿ. ಕೂದಲ ಬುಡದಿಂದ ಬಣ್ಣ ಮೇಲೆ ಬರುವುದು ಹಾಗೆಯೇ.